ಟಾಕಿಯ ಮುಚ್ಚಳದಲ್ಲೊಂದು ಬಾವಲಿ

"ವೈನಿ, ಏಳ್ರಿ, ನಳ ಬಂದಾವ!"

ಸೊಲ್ಲಾಪುರದ ಓಣಿಗಳಲ್ಲಿ ನಡುರಾತ್ರಿ ಗೋಡೆಯಾಚೆಯಿಂದ ಬರುವ ಈ ಕೂಗಿಗೆ ಯಾರೂ ಬೇಸರಪಡುವುದಿಲ್ಲ. ಭೀಮಾ ನದಿಯ ಉಜನಿ ಜಲಾಶಯದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಹರಿದು ಬರುವ ನೀರು ಇಲ್ಲಿ ದಿನವೂ ಸಿಗುವಂಥದ್ದಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ, ಒಂದೊಂದು ಪೇಟೆಗೆ ಒಂದೊಂದು ಹೊತ್ತಿನ ಪಾಳಿ. ಬಂದಾಗ ಎದ್ದು ಹೌದ ತುಂಬಿಸಬೇಕು, ಮೋಟರ್ ಹಚ್ಚಿ ಮಾಳಿಗೆಯ ಟಾಕಿಗೆ ಏರಿಸಬೇಕು, ಚೆಲ್ಲುವ ಮೊದಲು ಬಂದ್ ಮಾಡಬೇಕು. ಇಷ್ಟೂ ಕೆಲಸಕ್ಕೆ ನಿದ್ದೆಗೆಡುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಶಿವನ ಕೆಲಸವೆಂದು ನಂಬಿ ದುಡಿದ ಸೊನ್ನಲಿಗೆ ಇದೇ ಊರು.

'ಸ್ಮಾರ್ಟ್ ಮನೆ' ಎಂದಾಗ ಜಾಹೀರಾತುಗಳು ತೋರಿಸುವುದು ಬಣ್ಣ ಬದಲಿಸುವ ದೀಪಗಳನ್ನು, ಹೇಳಿದ ಹಾಡು ಹಾಕುವ ಡಬ್ಬಿಗಳನ್ನು. ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಿಗೆ ನಾನು ಮೊದಲು ಬಯಸುವುದು ಅವನ್ನಲ್ಲ. ಟಾಕಿಯನ್ನೂ ಮೋಟರನ್ನೂ ಕಾಯುವ ಒಂದು ಸಣ್ಣ ಪೆಟ್ಟಿಗೆ ಸಾಕು. ಅದರ ಒಳಗುಟ್ಟು ಸೊಗಸಾಗಿದೆ.

ಟಾಕಿಯ ಮುಚ್ಚಳದ ಒಳಬದಿಗೆ ಒಂದು ಸಂವೇದಕ ಕೂರಿಸಿರುತ್ತಾರೆ. ಅದು ಮಾಡುವುದು ಬಾವಲಿಯ ಕೆಲಸ. ನಮ್ಮ ಕಿವಿಗೆ ಕೇಳದ, ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಸದ್ದನ್ನು ಕೆಳಕ್ಕೆ ಬಿಟ್ಟು, ನೀರಿಗೆ ಬಡಿದು ಮರಳುವ ಪ್ರತಿಧ್ವನಿಗೆ ಕಾಯುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್. ಹೊತ್ತಿನಿಂದ ದೂರ, ದೂರದಿಂದ ಮಟ್ಟ.

ಆದರೆ ಸೊಲ್ಲಾಪುರದ ಬಿಸಿಲು ಈ ಅಳತೆಗೋಲನ್ನೇ ಬದಲಿಸಿಬಿಡುತ್ತದೆ. ಗಾಳಿ ಕಾದಷ್ಟೂ ಸದ್ದಿನ ವೇಗ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 42 ಡಿಗ್ರಿಯಲ್ಲಿ ಸುಮಾರು 356 ಮೀಟರ್ ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಟಾಕಿಯೊಳಗೆ ಪ್ರತಿಧ್ವನಿ ಬೇಗ ಮರಳುತ್ತದೆ. ನೀರು ಮೇಲೆಯೇ ಇದೆ ಎಂದು ಯಂತ್ರ ತಿಳಿಯುತ್ತದೆ. ಒಂದು ಮೀಟರಿಗೆ ಮೂರೂವರೆ ಸೆಂಟಿಮೀಟರ್ ತಪ್ಪು. ಸಾವಿರ ಲೀಟರಿನ ಟಾಕಿಯಲ್ಲಿ ಅದು ಎರಡು ಕೊಡದಷ್ಟು ನೀರು, ಅದೂ ಟಾಕಿ ಬರಿದಾಗುತ್ತ ಬಂದಾಗ. ನಾಲ್ಕು ದಿನ ಕಾಯುವ ಮನೆಗೆ ಎರಡು ಕೊಡ ದೊಡ್ಡದೇ. ಆದ್ದರಿಂದ ಉಷ್ಣತೆಯನ್ನೂ ಅಳೆದು ಲೆಕ್ಕ ತಿದ್ದಿಕೊಳ್ಳುವ ಸಾಧನವನ್ನೇ ಕೇಳಿ ಕೊಳ್ಳಬೇಕು.

ನಳ ಬಂದದ್ದನ್ನು ಅರಿಯುವುದು ಇನ್ನೊಂದು ಸಮಸ್ಯೆ. ಕೊಳವೆಯಲ್ಲಿ ತಿರುಗುವ ಪುಟ್ಟ ಚಕ್ರ ಇಡಬಹುದು. ಆದರೆ ದಿನಗಟ್ಟಲೆ ಖಾಲಿಯಿದ್ದ ಕೊಳವೆಯಲ್ಲಿ ನೀರಿಗಿಂತ ಮುಂಚೆ ಗಾಳಿ ನುಗ್ಗುತ್ತದೆ, ಚಕ್ರ ಗಾಳಿಗೂ ತಿರುಗುತ್ತದೆ. ಆ 'ಸುಸ್' ಸದ್ದಿಗೆ ಕೊಡ ಹಿಡಿದು ಓಡಿ ಬರಿಗೈಲಿ ಕಾದವರಿಗೆ ಇದು ಗೊತ್ತು. ಇಲ್ಲಿ ಹಳೆಯ ಉಪಾಯವೇ ಮೇಲು: ನಳದ ಕೆಳಗಿನ ಪಾತ್ರೆಯಲ್ಲಿ ತುಸು ದೂರದಲ್ಲಿಟ್ಟ ಎರಡು ಉಕ್ಕಿನ ಕಡ್ಡಿ. ನಳದ ನೀರಿನಲ್ಲಿ ಲವಣವಿರುವುದರಿಂದ ಅದು ವಿದ್ಯುತ್ತನ್ನು ಹರಿಸುತ್ತದೆ. ನೀರು ಎರಡನ್ನೂ ಮುಟ್ಟಿದಾಗ ಮಾತ್ರ ಸುದ್ದಿ ಹೊರಡುತ್ತದೆ.

ಆ ಸುದ್ದಿ ಮೊಬೈಲಿಗೆ ತಲುಪುವ ಹಾದಿಗೂ ಕೊಳವೆಗಳ ನಂಟಿದೆ. ಇಂಥ ಸಾಧನಗಳಲ್ಲಿ ಅನೇಕವು ಮಾತಾಡುವ 'ಎಂಕ್ಯೂಟಿಟಿ' ಎಂಬ ಭಾಷೆಯನ್ನು 1999ರಲ್ಲಿ ರೂಪಿಸಿದವರು ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್. ದೂರದ ತೈಲ ಕೊಳವೆಗಳನ್ನು ಉಪಗ್ರಹದ ಮೂಲಕ ಗಮನಿಸುವುದು ಅವರ ಅಗತ್ಯವಾಗಿತ್ತು. ಉಪಗ್ರಹದ ಸಂಪರ್ಕ ತುಟ್ಟಿ, ಹಾಗಾಗಿ ಸಂದೇಶ ಚುಟುಕಾಗಿರಲೇಬೇಕು. ತಲೆಬರಹಕ್ಕೆ ಎರಡು ಬೈಟ್ ಸಾಕಾಗುತ್ತದೆ. ನಡುವೆ ಊರ ಚಾವಡಿಯಂಥ ಒಂದು ಕಂಪ್ಯೂಟರ್. ಟಾಕಿ ಅಲ್ಲಿಗೆ ಹೇಳುತ್ತದೆ, ಕೇಳಬಯಸುವ ಮೊಬೈಲ್‌ಗಳಿಗೆ ಚಾವಡಿ ಮುಟ್ಟಿಸುತ್ತದೆ. ಸಿಗ್ನಲ್ ಒಂದೇ ಗೆರೆ ತೋರುವ ಹಳ್ಳಿಯಲ್ಲೂ ಸುದ್ದಿ ದಾಟಿ ಹೋಗುವುದು ಈ ಚುಟುಕುತನದಿಂದ.

ಆದರೆ ಮೋಟರ್ ಬಂದ್ ಮಾಡುವ ತೀರ್ಮಾನ ಮಾತ್ರ ಚಾವಡಿಯದಾಗಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೆಲವು ಸಾಧನಗಳು ಟಾಕಿ ತುಂಬಿದ ಸುದ್ದಿಯನ್ನು ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸಿ, ಅಲ್ಲಿಂದ ಅಪ್ಪಣೆ ಬಂದ ಮೇಲೆ ಬಂದ್ ಮಾಡುತ್ತವೆ. ನಡುವೆ ನೆಟ್ ಹೋದರೆ ಉಜನಿಯ ನೀರು ಗಟಾರಕ್ಕೆ. ತೀರ್ಮಾನ ಮನೆಯ ಪೆಟ್ಟಿಗೆಯಲ್ಲೇ ಆಗಬೇಕು, ಇಂಟರ್ನೆಟ್ಟಿಗೆ ಸುದ್ದಿಯಷ್ಟೇ ಹೋಗಬೇಕು. ಕರೆಂಟ್ ಹೋಗಿ ಬಂದಾಗ ಮೋಟರ್ ತಾನಾಗಿ ಚಾಲೂ ಆಗದೆ, ಮೊದಲು ಮಟ್ಟ ನೋಡಿಕೊಳ್ಳಬೇಕು. ಇನ್ನೊಂದು: ಒಂದು ಅಶ್ವಶಕ್ತಿಯ ಮೋಟರ್ ಓಡುವಾಗ ಐದಾರು ಆಂಪಿಯರ್ ಎಳೆದರೂ ಹೊರಡುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. ದೀಪಕ್ಕಾಗಿ ಮಾಡಿದ ಅಗ್ಗದ ಸ್ಮಾರ್ಟ್ ಸ್ವಿಚ್ಚನ್ನು ಅದಕ್ಕೆ ಜೋಡಿಸಿದರೆ ಒಳಗಿನ ಲೋಹದ ತುದಿಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಮೊಬೈಲ್ 'ಬಂದ್' ಎಂದು ತೋರಿಸಿದರೂ ಮೋಟರ್ ಓಡುತ್ತಲೇ ಇರುತ್ತದೆ. ನಡುವೆ ಅಂಥ ಹೊರೆ ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಾಕಿಸುವ ಖರ್ಚು ಉಳಿಸಬೇಡಿ.

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಈ ಪೆಟ್ಟಿಗೆ ಮನೆಯಿಂದ ಹೊಲಕ್ಕೆ ಹೋಗುತ್ತದೆ. ಪಂಪ್‌ಸೆಟ್ಟಿನ ಮೂರು ಫೇಸ್ ಕರೆಂಟ್ ಕೆಲವು ದಿನ ಹಗಲಿಗೆ, ಕೆಲವು ದಿನ ರಾತ್ರಿಗೆ. ಬ್ಯಾಟರಿ ಹಿಡಿದು, ಹಾವಿನ ಭಯದಲ್ಲಿ ಕಬ್ಬಿನ ಬದುವಿನ ಮೇಲೆ ನಡೆದು ಬಟನ್ ಒತ್ತಿ ಬರುವುದು ರೈತರ ಪಾಡಾಗಿತ್ತು. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ 'ನ್ಯಾನೋ ಗಣೇಶ್' ಮೊಬೈಲಿನಿಂದಲೇ ಪಂಪ್ ನಡೆಸುವ ದಾರಿ ತೋರಿತು. ಈಗ ಅಂಥ ಸ್ಟಾರ್ಟರ್‌ಗಳು ಹಲವು. ಅವು ಕರೆಂಟನ್ನೂ ಅಳೆಯುತ್ತವೆ. ಬಾವಿ ಬತ್ತಿದಾಗ ಮೋಟರ್ ತಿಣುಕುತ್ತದೆ ಎಂಬುದು ನಮ್ಮ ಊಹೆ. ವಾಸ್ತವದಲ್ಲಿ ಎತ್ತಲು ನೀರೇ ಇಲ್ಲದಾಗ ಹೊರೆ ಇಳಿದು ಆಂಪಿಯರ್ ಕಡಿಮೆಯಾಗುತ್ತದೆ. ತಂಪು ಕೊಡುತ್ತಿದ್ದ ನೀರಿಲ್ಲದೆ ಸೀಲ್ ಸುಡುವ ಮೊದಲೇ ಸ್ಟಾರ್ಟರ್ ಆ ಇಳಿತವನ್ನು ಗುರುತಿಸಿ ಬಂದ್ ಮಾಡುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರೆ ತಿರುವುಮುರುವು: ಉಳಿದೆರಡರಲ್ಲಿ ಆಂಪಿಯರ್ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಎರಡನ್ನೂ ಒಂದೇ ಕಣ್ಣು ನೋಡಿಕೊಳ್ಳುತ್ತದೆ.

ಉಳಿದದ್ದು ಭಾಷೆಯ ಮಾತು. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಈ ಸೀಮೆಯ ಅಜ್ಜಿಗೆ ಇಂಗ್ಲಿಷ್ ಆ್ಯಪಿನ ಕೆಂಪು ಚುಕ್ಕಿ ಏನನ್ನೂ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಒಂದು ಸ್ಪೀಕರ್ ಇಟ್ಟು, ಮನೆಯವರೇ ತಮ್ಮ ದನಿಯನ್ನು ತುಂಬಿಸುವಂತೆ ಮಾಡುವುದು ಕಷ್ಟದ ತಂತ್ರಜ್ಞಾನವಲ್ಲ. ಎರಡು ಕಡ್ಡಿಗೆ ನೀರು ಮುಟ್ಟಿದಾಗ ಮೊಮ್ಮಗಳ ದನಿಯಲ್ಲಿ ಅದು ಹೇಳಲಿ: "ಅಜ್ಜಿ, ನಳ ಬಂದಾವ. ಮೋಟರ್ ಹಚ್ಚೀನಿ, ನೀ ಮಲಕೋ."