ಗುಣವಾದವರು ಲೆಕ್ಕಕ್ಕೆ ಬಂದ ಬಗೆ

ಕ್ಯಾನ್ಸರ್ ರೋಗಿಗಳ ಉಳಿವಿನ ರೇಖೆ ಕಲ್ಯಾಣಿಯ ಮೆಟ್ಟಿಲಿನಂತೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಸಾವಿನ ಗುರುತು. ಆದರೆ ಕೆಲವು ರೋಗಗಳಲ್ಲಿ ರೇಖೆ ತಳ ಮುಟ್ಟುವುದೇ ಇಲ್ಲ. ನಡುವೆ ಎಲ್ಲೋ ಸಮತಟ್ಟಾಗಿ ನಿಂತುಬಿಡುತ್ತದೆ.

ಹಾಗೆ ಉಳಿದುಕೊಂಡವರ ಪಾಲೆಷ್ಟು? 1949ರಲ್ಲಿ ಬ್ರಿಟನ್ನಿನ ಜೆ. ಡಬ್ಲ್ಯು. ಬೋಗ್ ಅದನ್ನು ಅಂದಾಜಿಸುವ ಗಣಿತವನ್ನು ಪ್ರಕಟಿಸಿದರು. 1952ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಬರ್ಕ್‌ಸನ್ ಮತ್ತು ಗೇಜ್ ರೋಗಿಗಳನ್ನು ಎರಡು ಗುಂಪಾಗಿ ಕಂಡರು: ಒಂದು, ಗುಣವಾಗಿ ಇತರ ಜನರಂತೆಯೇ ಬಾಳುವವರದು, ಇನ್ನೊಂದು, ರೋಗ ಬೆನ್ನುಬಿಡದವರದು.

ಆದರೆ ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್‌ಗೆ ಎಷ್ಟು ಜನರನ್ನು ಸೇರಿಸಬೇಕೆಂಬ ಲೆಕ್ಕ ಬೇರೆ ದಾರಿ ಹಿಡಿಯಿತು. 1980ರ ದಶಕದ ಆರಂಭದಲ್ಲಿ ಡೇವಿಡ್ ಶೋನ್‌ಫೆಲ್ಡ್ ಕೊಟ್ಟ ಸೂತ್ರದ ತಿರುಳು ಇಷ್ಟೇ: ಎರಡು ಚಿಕಿತ್ಸೆಗಳ ವ್ಯತ್ಯಾಸವನ್ನು ತೋರಿಸಿಕೊಡುವುದು ಸೇರಿದ ರೋಗಿಗಳ ಸಂಖ್ಯೆಯಲ್ಲ, ಸಂಭವಿಸಿದ ಸಾವುಗಳ ಸಂಖ್ಯೆ. ಹೊಸ ಔಷಧ ಸಾವಿನ ವೇಗವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎನ್ನೋಣ. ರೋಗಿಗಳನ್ನು ಸಮನಾಗಿ ಎರಡು ಗುಂಪು ಮಾಡಿದರೆ, ಸಾಮಾನ್ಯವಾಗಿ ಒಪ್ಪುವ ಖಚಿತತೆಯಲ್ಲಿ ಇದನ್ನು ಪತ್ತೆಹಚ್ಚಲು ಸುಮಾರು 190 ಸಾವುಗಳು ಬೇಕು.

ತೊಡಕು ಇರುವುದೇ ಇಲ್ಲಿ. ಒಟ್ಟು ರೋಗಿಗಳಲ್ಲಿ 100ಕ್ಕೆ 40 ಮಂದಿ ಗುಣವಾದರೆ, ಎಷ್ಟೇ ವರ್ಷ ಕಾದರೂ ರೋಗಕ್ಕೆ ಬಲಿಯಾಗುವವರು ಉಳಿದ 60 ಮಾತ್ರ. 190 ಸಾವುಗಳಿಗೆ 320ರಷ್ಟು ರೋಗಿಗಳಾದರೂ ಬೇಕು. 250 ಜನರನ್ನು ಸೇರಿಸಿ ಕಾಯುತ್ತ ಕುಳಿತರೆ ಸಾವಿನ ಸಂಖ್ಯೆ 150ರ ಹತ್ತಿರ ನಿಂತುಹೋಗುತ್ತದೆ. ರೋಗಿಗಳಿಗೆ ಅದು ಸಂತೋಷದ ಸುದ್ದಿಯೇ. ಆದರೆ ಅವರು ಮೈಯೊಡ್ಡಿ ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇದು ಸಣ್ಣ ಅನ್ಯಾಯವಲ್ಲ.

ಇನ್ನೊಂದು ಮುಖವೂ ಇದೆ. ಔಷಧವು ಗುಣವಾಗುವವರ ಪಾಲನ್ನು ಹೆಚ್ಚಿಸುತ್ತದೆಯೋ, ಗುಣವಾಗದವರ ದಿನಗಳನ್ನು ಮುಂದೂಡುತ್ತದೆಯೋ? ಎರಡೂ ಒಂದೇ ಅಲ್ಲ. ಮೊದಲನೆಯದು ಕಾಣಿಸುವುದು ರೇಖೆಯ ಬಾಲದಲ್ಲಿ. ಅವಸರದಿಂದ ಟ್ರಯಲ್ ಮುಗಿಸಿದರೆ ಅದು ಕೈತಪ್ಪುತ್ತದೆ. ಉದಾಹರಣೆಗೆ, ಹರಡಿದ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಇಪಿಲಿಮುಮಾಬ್ ಔಷಧ ಪಡೆದ 1,861 ರೋಗಿಗಳ ಮಾಹಿತಿ 2015ರಲ್ಲಿ ಒಟ್ಟಾಗಿ ಪ್ರಕಟವಾಯಿತು. ಮೂರನೇ ವರ್ಷದ ಹೊತ್ತಿಗೆ ರೇಖೆ ಸುಮಾರು ಶೇ 21ರಲ್ಲಿ ಸಮತಟ್ಟಾಗಿತ್ತು.

2012ರಲ್ಲಿ ವಾಂಗ್, ಜಾಂಗ್ ಮತ್ತು ಲು ಗುಣವಾದವರ ಪಾಲನ್ನೇ ಒಳಗೊಂಡ ಸ್ಯಾಂಪಲ್ ಗಾತ್ರದ ಸೂತ್ರ ಪ್ರಕಟಿಸಿದರು. ಅದರ ಲೆಕ್ಕ ಹಾಕುವ, ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಪ್ಯಾಕೇಜ್ ಉಚಿತವಾಗಿ ಹೊರಬಂತು. ಅದರ ಜೊತೆ ಮಾದರಿಯಾಗಿ ಕೊಟ್ಟಿರುವುದು ಇ1684 ಎಂಬ ಅಮೆರಿಕದ ಟ್ರಯಲ್‌ನ ಅಂಕಿಗಳನ್ನು: ಶಸ್ತ್ರಚಿಕಿತ್ಸೆಯ ನಂತರ ಇಂಟರ್‌ಫೆರಾನ್ ಪರೀಕ್ಷೆಗೆ ಒಪ್ಪಿದ ಮೆಲನೋಮ ರೋಗಿಗಳ ಅಂಕಿಗಳವು.