ಕುಣಿಕೆಯೊಳಗೊಂದು ಕುಣಿಕೆ

‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಾರ್ಯ ಕೈಗೂಡುವ ಮೊದಲೇ ಸಂಭ್ರಮಪಡುವ ಆತುರಗಾರರನ್ನು ಹಾಸ್ಯಮಾಡುವ ಮಾತದು. ಗಾದೆಯ ನೀತಿ ಸರಿಯೇ. ಆದರೆ ಅದರೊಳಗೆ ದರ್ಜಿಯ ಆಕ್ಷೇಪವೊಂದೂ ಅಡಗಿದೆ: ತಲೆಯ ಅಳತೆಯೇ ತಿಳಿಯದಿರುವಾಗ ಟೋಪಿಯನ್ನು ಹೊಲಿಯುವುದೆಂತು? ಬಟ್ಟೆಯನ್ನು ಕತ್ತರಿಸಿ ಹೊಲಿಯುವವನಲ್ಲಿ ಇದಕ್ಕೆ ಉತ್ತರವಿಲ್ಲ. ಕೈಯಲ್ಲಿ ಕೊಕ್ಕೆಯ ಕಡ್ಡಿಯನ್ನೂ ಮಡಿಲಲ್ಲಿ ನೂಲಿನ ಉಂಡೆಯನ್ನೂ ಇಟ್ಟುಕೊಂಡು ಕುಳಿತ ಅಜ್ಜಿಯಲ್ಲಿ ಮಾತ್ರ ಉತ್ತರವಿದೆ. ತಿಂಗಳು ತುಂಬಿ ಹುಟ್ಟಿದ ಶಿಶುವಿನ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರು. ವರ್ಷ ತುಂಬುವ ವೇಳೆಗೆ ಅದು ಸುಮಾರು 45 ಸೆಂಟಿಮೀಟರಿಗೆ ಏರುತ್ತದೆ. ಎಂದರೆ ಮೂರನೆಯ ಒಂದು ಪಾಲಿನಷ್ಟು ಹಿಗ್ಗಬಲ್ಲ ಕುಲಾವಿಯೊಂದಿದ್ದರೆ ಮಗುವಿಗೆ ಮೊದಲ ವರ್ಷವೆಲ್ಲ ಅದೇ ಸಾಕು. ಅಜ್ಜಿಯ ಹೆಣಿಗೆ ಅಷ್ಟು ಹಿಗ್ಗುತ್ತದೆ. ಆದರೆ ಅವಳು ಬಳಸಿದ ನೂಲು ಅಷ್ಟು ಹಿಗ್ಗುವುದಿಲ್ಲ! ಈ ವಿಚಿತ್ರದ ಕಾರಣವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಬಿಸಿಲ ನಾಡಿನಲ್ಲಿ ಕುಲಾವಿ ಏಕೆ?

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪದಲ್ಲಿ ಕುಂಚಾವರಂ ಇದೆ. ಕನ್ನಡದ ಜೊತೆಗೆ ತೆಲುಗೂ ಲಂಬಾಣಿಯೂ ಕಿವಿಗೆ ಬೀಳುವ ಊರು. ಸುತ್ತಲೂ ಕುರುಚಲು ಕಾಡು, ನಡುನಡುವೆ ತಾಂಡಾಗಳು. ಈ ಭಾಗದ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ಬೆಚ್ಚನೆಯ ಉಡುಪಿಗೆ ಏನು ಕೆಲಸವೆಂದು ಹೊರಗಿನವರು ಕೇಳಬಹುದು. ಆದರೆ ಚಳಿಗಾಲದಲ್ಲಿ ಇಲ್ಲಿಯ ಗಾಳಿ ಒಣಗಿರುತ್ತದೆ, ಆಕಾಶ ನಿರ್ಮಲವಾಗಿರುತ್ತದೆ. ಹಗಲೆಲ್ಲ ಕಾದ ನೆಲವು ರಾತ್ರಿ ತನ್ನ ಶಾಖವನ್ನು ವಿಕಿರಣ ರೂಪದಲ್ಲಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದನ್ನು ತಡೆಯಲು ಮೋಡದ ಹೊದಿಕೆ ಇರುವುದಿಲ್ಲ. ಆದ್ದರಿಂದ ಪುಷ್ಯಮಾಸದ ಬೆಳಗಿನ ಜಾವ ಇಲ್ಲಿ ಚೆನ್ನಾಗಿಯೇ ಕೊರೆಯುತ್ತದೆ.

ಎಳೆಯ ಮಗುವಿಗೆ ಈ ಚಳಿ ದೊಡ್ಡವರಿಗಿಂತ ಬೇಗ ತಟ್ಟುತ್ತದೆ. ಶಿಶುವಿನ ದೇಹದ ಉದ್ದದಲ್ಲಿ ತಲೆಯ ಪಾಲು ಸುಮಾರು ನಾಲ್ಕನೆಯ ಒಂದು. ಬೆಳೆದವರಲ್ಲಿ ಅದು ಎಂಟನೆಯ ಒಂದರಷ್ಟು. ದೊಡ್ಡ ತಲೆ ಎಂದರೆ ಶಾಖ ಸೋರುವ ದೊಡ್ಡ ಕಿಟಕಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳ ಕೂಸಿಗೆ ಕುಲಾವಿ, ಕುಂಚಿಗೆಗಳನ್ನು ತವರಿನವರು ಮುಂಚೆಯೇ ಸಿದ್ಧಮಾಡಿಡುವುದು ಬರಿಯ ಸಂಭ್ರಮವಲ್ಲ.

ಬೆಚ್ಚಗಿಡುವುದು ಉಣ್ಣೆಗಿಂತಲೂ ಹೆಚ್ಚಾಗಿ ಗಾಳಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನಿಶ್ಚಲವಾದ ಗಾಳಿ ಶಾಖವನ್ನು ಬಹು ಮೆಲ್ಲಗೆ ಸಾಗಿಸುತ್ತದೆ. ಅದರ ಉಷ್ಣವಾಹಕತೆ ನೀರಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಕಡಿಮೆ. ಸುರುಳಿ ಸುರುಳಿಯಾದ ಉಣ್ಣೆಯ ಎಳೆಗಳೂ ಹೆಣಿಗೆಯ ಕುಣಿಕೆಗಳೂ ಗಾಳಿಯನ್ನು ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂಡಿಹಾಕಿ ಅಲುಗಾಡದಂತೆ ಮಾಡುತ್ತವೆ. ಬಟ್ಟೆ ತೊಯ್ದಾಗ ಆ ಕೋಣೆಗಳಿಗೆ ನೀರು ನುಗ್ಗುವುದರಿಂದಲೇ ಚಳಿ ಹೆಚ್ಚುವುದು.

ನೇಯ್ಗೆ ಬೇರೆ, ಹೆಣಿಗೆ ಬೇರೆ

ನೂಲಿನಿಂದ ಬಟ್ಟೆ ಮಾಡುವ ಮುಖ್ಯ ಮಾರ್ಗಗಳು ಎರಡು. ಮೊದಲನೆಯದು ನೇಯ್ಗೆ. ಕುರುಬರ ಕರಿಯ ಕಂಬಳಿಯಾಗಲಿ, ಇಳಕಲ್ಲಿನ ಸೀರೆಯಾಗಲಿ, ಎಲ್ಲವೂ ಹಾಸು ಮತ್ತು ಹೊಕ್ಕು ಎಂಬ ಎರಡು ಸಾಲು ನೂಲುಗಳ ಸಂಧಿ. ಅಲ್ಲಿ ಎಳೆಗಳು ಹೆಚ್ಚುಕಡಿಮೆ ನೇರವಾಗಿ ಬಿಗಿದುಕೊಂಡಿರುತ್ತವೆ. ಎರಡನೆಯದು ಹೆಣಿಗೆ. ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಮಗ್ಗವಂತೂ ಬೇಡವೇ ಬೇಡ. ಒಂದೇ ಎಳೆ, ಅದರಲ್ಲಿ ಒಂದು ಕುಣಿಕೆ, ಆ ಕುಣಿಕೆಯೊಳಗಿಂದ ಎಳೆದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು.

ಹೆಣಿಗೆಯಲ್ಲಿಯೂ ಎರಡು ಬಗೆ. ಸ್ವೆಟರು ಹೆಣೆಯುವವರು ಎರಡು ಕಡ್ಡಿಗಳನ್ನು ಹಿಡಿದು ಒಂದು ಸಾಲಿನ ಕುಣಿಕೆಗಳನ್ನೆಲ್ಲ ಒಟ್ಟಿಗೆ ಕಡ್ಡಿಯ ಮೇಲೆ ಕಾಯ್ದುಕೊಳ್ಳುತ್ತಾರೆ. ಕ್ರೋಷಾ ಮಾಡುವವರಿಗೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಒಂದು ಹೊಲಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ‘ಕ್ರೋಷಾ’ ಎಂಬುದು ಫ್ರೆಂಚ್ ಭಾಷೆಯಿಂದ ಬಂದ ಮಾತು. ಮೂಲದಲ್ಲಿ ಅದರ ಅರ್ಥ ಚಿಕ್ಕ ಕೊಕ್ಕೆ ಎಂದೇ. ಬಾಗಿಲ ತೋರಣ, ಮೇಜಿನ ಹಾಸು, ನೀರಿನ ಕೊಡದ ಮುಸುಕು, ಸೀರೆಯ ಸೆರಗಿನ ಕುಚ್ಚು ಮುಂತಾಗಿ ನಮ್ಮ ಮನೆಗಳಲ್ಲಿ ಕಾಣುವ ಎಷ್ಟೋ ಅಲಂಕಾರಗಳು ಈ ಚಿಕ್ಕ ಕೊಕ್ಕೆಯ ಸೃಷ್ಟಿಗಳು.

ನೂಲು ಹಿಗ್ಗದು, ಹೆಣಿಗೆ ಹಿಗ್ಗುವುದು

ಒಂದು ಮೀಟರು ಹತ್ತಿಯ ನೂಲನ್ನು ತೆಗೆದುಕೊಂಡು ಎಳೆಯಿರಿ. ಅದು ನೂರರಲ್ಲಿ ಕೆಲವೇ ಪಾಲು ಹಿಗ್ಗಿ ಕಡಿದುಹೋಗುತ್ತದೆ. ಅದೇ ನೂಲಿನಿಂದ ಹೆಣೆದ ತುಂಡನ್ನು ಎಳೆದರೆ ಬಲು ಸುಲಭವಾಗಿ ಹಿಗ್ಗುತ್ತದೆ, ಬಿಟ್ಟರೆ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹಿಗ್ಗಿದ್ದು ಏನು? ನೂಲಿನ ಉದ್ದವಲ್ಲ, ಕುಣಿಕೆಯ ಆಕಾರ. ಅಡ್ಡಲಾಗಿ ಎಳೆದಾಗ ದುಂಡನೆಯ ಕುಣಿಕೆ ಅಗಲವಾಗುತ್ತದೆ, ಗಿಡ್ಡವಾಗುತ್ತದೆ. ಕುಣಿಕೆಯನ್ನು ಹೀಗೆ ಬಾಗಿಸಲು ಬೇಕಾದ ಬಲ ಅಲ್ಪ. ಬಾಗಿದ ನೂಲು ಬಾಗಿದ ಬಿದಿರಿನಂತೆ ಹಿಂದಕ್ಕೆ ಚಿಮ್ಮಲು ಹವಣಿಸುತ್ತದೆ. ಕುಲಾವಿಯು ತಲೆಯನ್ನು ಮೆಲ್ಲಗೆ ಅಪ್ಪಿಕೊಳ್ಳುವುದು ಇದರಿಂದಲೇ.

ನೂಲು ಇಷ್ಟು ಸುಲಭವಾಗಿ ಬಾಗುವುದಕ್ಕೂ ಕಾರಣವಿದೆ. ಸರಳೊಂದರ ಬಾಗುವ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸುತ್ತದೆ. ನೂರು ಎಳೆಗಳನ್ನು ಕರಗಿಸಿ ಒಂದೇ ಸರಳು ಎರಕಹೊಯ್ದೆವೆಂದು ಭಾವಿಸೋಣ. ಅದರ ವ್ಯಾಸ ಒಂದು ಎಳೆಯ ವ್ಯಾಸದ ಹತ್ತು ಪಟ್ಟು, ಬಿಗಿ ಹತ್ತು ಸಾವಿರ ಪಟ್ಟು. ಅದೇ ನೂರು ಎಳೆಗಳು ಬೇರೆಬೇರೆಯಾಗಿಯೇ ಉಳಿದು ಒಂದರ ಪಕ್ಕದಲ್ಲೊಂದು ಜಾರಬಲ್ಲವಾದರೆ ಒಟ್ಟು ಬಿಗಿ ಬರಿಯ ನೂರು ಪಟ್ಟು. ನಿಜವಾದ ನೂಲಿನ ಬಿಗಿ ಇವೆರಡರ ನಡುವೆ ಇದ್ದರೂ ಎರಡನೆಯದಕ್ಕೇ ಹತ್ತಿರ. ಮೆದುತನದ ಗುಟ್ಟು ವಸ್ತುವಿನಲ್ಲಿರುವಷ್ಟೇ ಅದರ ವಿಭಜನೆಯಲ್ಲಿಯೂ ಇದೆ.

ಜಾರದಿರುವುದೇಕೆ?

ಹಾಗಾದರೆ ಜಾರುವ ಎಳೆಗಳಿಂದಾದ ನೂಲು ಏಕೆ ಬಿಡಿಬಿಡಿಯಾಗುವುದಿಲ್ಲ? ಹತ್ತಿಯ ಎಳೆಯ ಉದ್ದ ಸುಮಾರು ಎರಡೂವರೆ ಮೂರು ಸೆಂಟಿಮೀಟರು ಮಾತ್ರ. ನೂಲಿನ ಉದ್ದವೋ ನೂರಾರು ಮೀಟರು. ಈ ಪ್ರಶ್ನೆ ಗೆಲಿಲಿಯೊನನ್ನೂ ಕಾಡಿತ್ತು. 1638ರಲ್ಲಿ ಪ್ರಕಟವಾದ ತನ್ನ ಎರಡು ನೂತನ ವಿಜ್ಞಾನಗಳನ್ನು ಕುರಿತ ಗ್ರಂಥದಲ್ಲಿ, ತುಂಡು ನಾರುಗಳ ಹಗ್ಗ ಹೇಗೆ ಭಾರವನ್ನು ಹೊರುತ್ತದೆಂದು ಆತನು ವಿಚಾರಿಸಿದನು. ಉತ್ತರ ಹುರಿಯಲ್ಲಿದೆ. ಹುರಿ ಹಾಕಿದ ನೂಲನ್ನು ಎಳೆದಷ್ಟೂ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ; ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ.

ಹೆಣಿಗೆಯಲ್ಲಿ ಘರ್ಷಣೆಯ ಇನ್ನೊಂದು ಚಮತ್ಕಾರವೂ ಸೇರಿಕೊಳ್ಳುತ್ತದೆ. ಬೆದರಿದ ಹೋರಿಯನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಲಾಗದು. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೂ ಹಿಡಿದು ನಿಲ್ಲಬಲ್ಲ. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ನಮ್ಮ ಕೈಯ ಬಲ ಸುಮಾರು ಆರೂವರೆ ಪಟ್ಟು ಭಾರವನ್ನು ತಡೆಯುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ 285 ಪಟ್ಟು. ಆಯ್ಲರನ ಹೆಸರಿನಿಂದ ಪ್ರಸಿದ್ಧವಾದ ನಿಯಮವಿದು. ಹೆಣಿಗೆಯ ಪ್ರತಿಯೊಂದು ಕುಣಿಕೆಯೂ ನೆರೆಯ ಕುಣಿಕೆಗೆ ಕಂಬವಾಗುತ್ತದೆ, ತಾನೂ ನೆರೆಯವನ್ನು ಸುತ್ತುತ್ತದೆ. ಆದ್ದರಿಂದಲೇ ಒಂದು ಗಂಟೂ ಇಲ್ಲದೆ ಇಡೀ ಬಟ್ಟೆ ನಿಲ್ಲುತ್ತದೆ.

ಆರರ ಲೆಕ್ಕ

ದುಂಡನೆಯ ಹಾಸನ್ನು ಹೆಣೆಯುವ ಹೆಂಗಸರನ್ನು ಕೇಳಿ ನೋಡಿ. ಗಿಡ್ಡ ಹೊಲಿಗೆಯಾದರೆ ಸುತ್ತಿಗೆ ಆರು ಹೊಲಿಗೆ ಹೆಚ್ಚಿಸಬೇಕು, ಅದರ ಎರಡರಷ್ಟು ಎತ್ತರದ ಕಂಬವಾದರೆ ಹನ್ನೆರಡು ಹೆಚ್ಚಿಸಬೇಕು ಎನ್ನುತ್ತಾರೆ. ಏಕೆ ಆರು? ವೃತ್ತದ ತ್ರಿಜ್ಯ ಒಂದು ಮಾನ ಬೆಳೆದಾಗ ಪರಿಧಿ ಎರಡು ‘ಪೈ’ ಮಾನ, ಎಂದರೆ 6.28 ಮಾನ, ಬೆಳೆಯಬೇಕು. ಹೊಲಿಗೆಯ ಎತ್ತರವೂ ಅಗಲವೂ ಸರಿಸುಮಾರಾಗಿ ಸಮವಾಗಿದ್ದರೆ ಅದು ಆರೇ ಹೊಲಿಗೆ! ‘ಪೈ’ ಎಂಬ ಅಕ್ಷರವನ್ನು ಕಾಣದ ಕೈಗಳೂ ಅದರ ಬೆಲೆಯನ್ನು ಬಲ್ಲವು.

ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಅಂಚು ಸಾಲದೆ ಹಾಸು ಬಟ್ಟಲಾಗುತ್ತದೆ. ಸ್ವಲ್ಪ ದೂರ ಹೆಚ್ಚಿಸಿ ಅನಂತರ ನಿಲ್ಲಿಸಿದರೆ ಗೋಡೆ ಇಳಿಯತೊಡಗುತ್ತದೆ. ಕುಲಾವಿ ಸಿದ್ಧವಾಗುವುದು ಹೀಗೆ. ಪ್ರತಿ ಸುತ್ತಿನಲ್ಲಿಯೂ ಹೊಲಿಗೆಗಳ ಸಂಖ್ಯೆಯನ್ನು ಒಂದೇ ಪ್ರಮಾಣದಲ್ಲಿ ಗುಣಿಸುತ್ತ ಹೋದರೋ? ಅಂಚು ಅತಿಯಾಗಿ ಬೆಳೆದು ಕೋಳಿಜುಟ್ಟಿನ ಹೂವಿನಂತೆ ನಿರಿಗೆ ನಿರಿಗೆಯಾಗುತ್ತದೆ. ಯೂಕ್ಲಿಡನ ರೇಖಾಗಣಿತ ಅಲ್ಲಿ ನಡೆಯದು. 19ನೆಯ ಶತಮಾನದಲ್ಲಿ ಲೊಬಚೆವ್‌ಸ್ಕಿ, ಬೊಲ್ಯಾಯಿ ಎಂಬವರು ಕಲ್ಪಿಸಿದ ಅತಿಪರವಲಯ ಜ್ಯಾಮಿತಿಯ ಮೇಲ್ಮೈ ಅದು. ವಿದ್ಯಾರ್ಥಿಗಳಿಗೆ ಅದನ್ನು ಕೈಗೆ ಕೊಟ್ಟು ತೋರಿಸುವುದು ಅಧ್ಯಾಪಕರಿಗೆ ಬಹುಕಾಲ ಕಷ್ಟವಾಗಿತ್ತು. ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ತೈಮಿನ್ಯಾ ಎಂಬ ಲಾಟ್ವಿಯಾ ಮೂಲದ ಗಣಿತಜ್ಞೆ ಕ್ರೋಷಾ ಕಡ್ಡಿಯನ್ನೇ ಹಿಡಿದು ಅದನ್ನು ಹೆಣೆದು ತೋರಿಸಿದರು. ಬಾಲ್ಯದಲ್ಲಿ ಕಲಿತ ಕೈಕೆಲಸವು ವಿಶ್ವವಿದ್ಯಾನಿಲಯದ ತರಗತಿಗೆ ಪ್ರವೇಶ ಪಡೆಯಿತು.

ಬಿಚ್ಚಿ ಮತ್ತೆ ಹೆಣೆಯುವುದು

ಕೊನೆಯ ಕುಣಿಕೆಯನ್ನು ಭದ್ರಪಡಿಸದೆ ನೂಲಿನ ತುದಿಯನ್ನು ಎಳೆದರೆ ಹೆಣಿಗೆಯೆಲ್ಲ ಸರಸರನೆ ಬಿಚ್ಚಿಹೋಗುತ್ತದೆ. ಒಳಗಿನ ಕುಣಿಕೆಗಳನ್ನು ನೆರೆಯ ಕುಣಿಕೆಗಳು ಕಾಯುತ್ತವೆ, ಕೊನೆಯದಕ್ಕೆ ಕಾಯುವವರಿಲ್ಲ. ಇದು ಹೆಣಿಗೆಯ ದೌರ್ಬಲ್ಯವೆಂದು ತೋರಬಹುದು. ಸಂಸಾರಸ್ಥರಿಗೆ ಇದೇ ದೊಡ್ಡ ಉಪಕಾರ. ಕತ್ತರಿಸಿದ ಬಟ್ಟೆ ಮತ್ತೆ ಕೂಡದು. ಹೆಣೆದ ಬಟ್ಟೆ ಮತ್ತೆ ನೂಲಾಗುತ್ತದೆ. ಅಣ್ಣನಿಗೆ ಗಿಡ್ಡವಾದ ಸ್ವೆಟರು ತಂಗಿಯ ಕುಲಾವಿಯೂ ಕಾಲುಚೀಲವೂ ಆಗಿ ಮತ್ತೆ ಹುಟ್ಟುತ್ತದೆ.

ಬಿಚ್ಚಿದ ಉಣ್ಣೆಯ ನೂಲು ಗುಂಗುರು ಗುಂಗುರಾಗಿರುವುದನ್ನು ನೀವು ನೋಡಿರಬಹುದು. ಅದು ಹಳೆಯ ಕುಣಿಕೆಯ ನೆನಪು. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ಅದರ ಅಣುಗಳ ನಡುವಿನ ಜಲಜನಕ ಬಂಧಗಳು ಬಾಗಿದ ಸ್ಥಿತಿಯಲ್ಲಿಯೇ ನೆಲೆಗೊಂಡಿರುತ್ತವೆ. ನೂಲನ್ನು ಲಡಿಯಾಗಿ ಸುತ್ತಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ತುಸು ಭಾರ ಕಟ್ಟಿ ಒಣಗಲು ಹಾಕಿದರೆ ಆ ಬಂಧಗಳು ಕಳಚಿ, ಒಣಗುವಾಗ ನೇರವಾದ ಸ್ಥಿತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ನಮ್ಮ ತಾಯಂದಿರು ಇದನ್ನು ರಸಾಯನಶಾಸ್ತ್ರವೆಂದು ಕರೆಯದೆ ಮಾಡುತ್ತ ಬಂದಿದ್ದಾರೆ.

ಕೈಗೆ ಸಲ್ಲಬೇಕಾದ ಬೆಲೆ

ಸ್ವೆಟರಿನಂತಹ ಹೆಣಿಗೆಯನ್ನು ಯಂತ್ರಗಳು ನೂರಾರು ವರ್ಷಗಳಿಂದ ಮಾಡುತ್ತಿವೆ. ನಾವು ತೊಡುವ ಬನಿಯನ್ನೂ ಯಂತ್ರದ ಹೆಣಿಗೆಯೇ. ಆದರೆ ಕೊಕ್ಕೆಯನ್ನು ಬೇಕಾದ ಕುಣಿಕೆಯೊಳಗೆ, ಬೇಕಾದ ದಿಕ್ಕಿನಿಂದ ತೂರಿಸುವ ಕ್ರೋಷಾ ಇನ್ನೂ ಕೈಯ ಸ್ವತ್ತಾಗಿಯೇ ಉಳಿದಿದೆ. ಪ್ರಯೋಗಾಲಯಗಳಲ್ಲಿ ಯಂತ್ರದ ಪ್ರಯತ್ನಗಳು ನಡೆದಿದ್ದರೂ, ಪೇಟೆಯಲ್ಲಿ ದೊರೆಯುವ ನಿಜವಾದ ಕ್ರೋಷಾ ವಸ್ತುವಿನ ಹಿಂದೆ ಯಾರೋ ಒಬ್ಬರ ಬೆರಳುಗಳಿವೆ ಎಂದೇ ತಿಳಿಯಬೇಕು.

ಆ ಬೆರಳುಗಳಿಗೆ ದೊರೆಯುವ ಬೆಲೆ ಎಷ್ಟು? ಕುಂಚಾವರದ ಜನರಿಗೆ ಪರಿಚಿತವಾದ ತೆಲುಗು ನಾಡಿನಲ್ಲಿಯೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಗೋದಾವರಿ ತೀರದ ನರಸಾಪುರಕ್ಕೆ 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಕ್ರೋಷಾ ಲೇಸು ಬಂದಿತು. ಮನೆಯ ಜಗಲಿಗಳಲ್ಲಿ ಕುಳಿತು ಹೆಂಗಸರು ಹೆಣೆದದ್ದು ಸಮುದ್ರದಾಚೆಗೆ ಮಾರಾಟವಾಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಈ ಹೆಂಗಸರನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ದಿನವಿಡೀ ದುಡಿಯುತ್ತಿದ್ದ ಇವರನ್ನು ಬರಿಯ ಗೃಹಿಣಿಯರೆಂದೂ, ಇವರ ದುಡಿಮೆಯನ್ನು ಬಿಡುವಿನ ವೇಳೆಯ ಹವ್ಯಾಸವೆಂದೂ ಎಣಿಸಿದ್ದರಿಂದಲೇ ಕೂಲಿ ಅತ್ಯಲ್ಪವಾಗಿ ಉಳಿಯಿತೆಂಬುದು ಅವರ ನಿರ್ಣಯ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮಲ್ಲಿಯೂ ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಅಂತಹ ಮನ್ನಣೆ 2010ರಲ್ಲಿಯೇ ಸಂದಿದೆ. ಮನ್ನಣೆ ಒಳ್ಳೆಯದು, ಆದರೆ ಹೆಸರಿಗೆ ಬಂದ ಗೌರವ ಕೂಲಿಗೂ ಬಂದಾಗಲೇ ಅದು ಪೂರ್ಣವಾಗುತ್ತದೆ. ನಮ್ಮ ಊರುಗಳಲ್ಲಿ ಸೀರೆಯ ಕುಚ್ಚು ಹಾಕಿ ಮಕ್ಕಳ ಶಾಲೆಯ ಶುಲ್ಕಕ್ಕೆ ನೆರವಾಗುವ ತಾಯಂದಿರ ಕೆಲಸವನ್ನೂ ‘ಮನೆಯಲ್ಲಿ ಸುಮ್ಮನೆ ಕುಳಿತು ಮಾಡುವುದು’ ಎಂದು ನಾವೇ ಹೇಳಿಬಿಡುತ್ತೇವೆ.

ಈ ವಿದ್ಯೆ ಬಹುಮಟ್ಟಿಗೆ ಪುಸ್ತಕವನ್ನು ನೋಡಿ ಬಂದದ್ದಲ್ಲ. ಪಕ್ಕದಲ್ಲಿ ಕುಳಿತು, ಹಿರಿಯ ಬೆರಳಿನ ಚಲನೆಯನ್ನು ಕಿರಿಯ ಬೆರಳು ಅನುಸರಿಸಿ ಬಂದದ್ದು. ತಾಂಡಾದ ಹುಡುಗಿ ಕಾಂಚಳಿಗೆ ಕನ್ನಡಿ ಕೂಡಿಸಲು ಕಲಿಯುವುದೂ ಹಾಗೆಯೇ, ಮೊಮ್ಮಗಳು ಕುಲಾವಿ ಹೆಣೆಯಲು ಕಲಿಯುವುದೂ ಹಾಗೆಯೇ. ಆ ಕಲಿಕೆಯಲ್ಲಿ ಕೈಗೆ ಕೌಶಲ ಬರುವುದರ ಜೊತೆಗೆ ಮನೆಯ ಮಾತು, ಹಿಂದಿನವರ ಕಥೆ, ಯಾರ ಬಾಣಂತನದಲ್ಲಿ ಯಾರು ಏನು ಹೆಣೆದರೆಂಬ ನೆನಪು ಎಲ್ಲವೂ ಬರುತ್ತವೆ. ಹೊಲಿಗೆಯ ಸಾಲು ಬೆಳೆಯುವುದನ್ನು ನೋಡುವ ಸಂತೋಷವೂ ಅಲ್ಲಿಯೇ ಮೊದಲು ದೊರೆಯುವುದು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿನೋಡಲಿ. ಒಂದು ಮೀಟರು ನೂಲನ್ನು ಅಳೆದುಕೊಂಡು ಮನೆಯ ಹಿರಿಯರಿಂದ ಸರಪಳಿ ಹೊಲಿಗೆಯನ್ನು ಕಲಿಯಿರಿ. ಅದರ ಉದ್ದವೆಷ್ಟಾಯಿತು, ಎಷ್ಟು ನೂಲಿಗೆ ಎಷ್ಟು ಸರಪಳಿ ಎಂಬುದನ್ನು ಬರೆದಿಡಿ. ಅನಂತರ ಚಿಕ್ಕ ಚೌಕವೊಂದನ್ನು ಹೆಣೆದು, ಅದಕ್ಕೆ ತೂಕದ ಬಟ್ಟುಗಳನ್ನು ಒಂದೊಂದಾಗಿ ತೂಗುಹಾಕಿ ಎಷ್ಟು ಹಿಗ್ಗುವುದೆಂದು ನಕ್ಷೆ ಬರೆಯಿರಿ. ಮೊದಮೊದಲು ಸುಲಭವಾಗಿ ಹಿಗ್ಗಿ, ಕುಣಿಕೆಗಳು ಪೂರ್ತಿ ಚಾಚಿಕೊಂಡ ಮೇಲೆ ಥಟ್ಟನೆ ಬಿಗಿಯಾಗುವುದು ಕಾಣುತ್ತದೆ. ಅಳತೆ ಸರಿಬರದಿದ್ದರೆ ಚಿಂತೆಯಿಲ್ಲ. ತುದಿಯನ್ನು ಎಳೆದು ಬಿಚ್ಚಿ, ಅದೇ ನೂಲಿನಿಂದ ಮತ್ತೆ ಆರಂಭಿಸಬಹುದು.