ನೆಲದಡಿಯ ಅದಿರಿಗೆ ಯಾರ ಅಪ್ಪಣೆ?

ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತಿನ ಬಂಡೆಗಳಲ್ಲಿ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಹಬ್ಬಿದಾಗ ಪತ್ರಿಕೆಗಳು 14,100 ಟನ್ ಎಂದು ಬರೆದವು. ಮುಂದೆ ಅಣು ಖನಿಜ ನಿರ್ದೇಶನಾಲಯದ ಶೋಧದ ಆಧಾರದಲ್ಲಿ ಸರ್ಕಾರ ಅಧಿಕೃತವಾಗಿ ಹೇಳಿದ್ದು 1,600 ಟನ್. ಅದೂ ‘ಊಹಿತ’ ದರ್ಜೆಯ ನಿಕ್ಷೇಪ. ಅಷ್ಟರಲ್ಲಾಗಲೇ ಜಮೀನಿನವರನ್ನು ಎರಡು ಪ್ರಶ್ನೆಗಳು ಕಾಡಿರುತ್ತವೆ: ನಮ್ಮ ಹೊಲ ಹೋಗುತ್ತದೆಯೆ? ಅದಿರು ನಮ್ಮದಲ್ಲವೆ?

ಎರಡನೆಯ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ನೇರವಾಗಿದೆ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ, ಮಂಜೂರಾತಿ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಪಹಣಿಯಲ್ಲಿ ಹೆಸರಿರುವ ರೈತನಿಗೆ ಮೇಲ್ಮೈ ಸೇರುತ್ತದೆ, ಅಡಿಯ ಅದಿರಲ್ಲ. ಇಡೀ ದೇಶಕ್ಕೆ ಇದೇ ನಿಯಮ ಎಂದುಕೊಳ್ಳಬಾರದು. ಕೇರಳದ ಮಲಬಾರಿನ ವಂಶಪಾರಂಪರ್ಯ ಒಡೆತನದ (ಜನ್ಮಿ) ಜಮೀನುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಅಲ್ಲಿನ ಖನಿಜ ಭೂಮಾಲೀಕರದ್ದೇ ಎಂದು ತೀರ್ಪು ಕೊಟ್ಟಿತು. ಆದರೆ ಒಡೆತನವಿದ್ದ ಮಾತ್ರಕ್ಕೆ ಅಗೆಯುವಂತಿಲ್ಲ. ಅದಕ್ಕೆ ಬೇಕಾದ ಅಪ್ಪಣೆಯನ್ನು ನಿಯಂತ್ರಿಸುವುದು 1957ರ ಗಣಿ ಮತ್ತು ಖನಿಜಗಳ ಕಾಯ್ದೆ.

ಈ ಕಾಯ್ದೆಯಲ್ಲಿ ಖನಿಜಗಳು ಎರಡು ಪಂಗಡ. ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಮರಳು, ಮಣ್ಣು ಮುಂತಾದವು ಉಪಖನಿಜಗಳು. ಅವಕ್ಕೆ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ನಮ್ಮಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. ಕಬ್ಬಿಣ, ಚಿನ್ನ, ಮ್ಯಾಂಗನೀಸಿನಂಥ ಪ್ರಧಾನ ಖನಿಜಗಳಿಗೆ ಕೇಂದ್ರ ನಿಯಮ ಮಾಡುತ್ತದೆ, ಗುತ್ತಿಗೆಯ ಪತ್ರಕ್ಕೆ ಮಾತ್ರ ರಾಜ್ಯವೇ ಸಹಿ ಹಾಕುತ್ತದೆ. ಲಿಥಿಯಂ ಮೊದಲು ಅಣು ಖನಿಜಗಳ ಪಟ್ಟಿಯಲ್ಲಿತ್ತು, ಖಾಸಗಿಯವರು ಮುಟ್ಟುವಂತಿರಲಿಲ್ಲ. 2023ರ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು, 24 ನಿರ್ಣಾಯಕ ಖನಿಜಗಳ ಹೊಸ ಪಟ್ಟಿಗೆ ಸೇರಿಸಿತು. ಈ ಖನಿಜಗಳ ಹರಾಜು ನಡೆಸುವುದು ಕೇಂದ್ರ. ವರಮಾನ ಬರುವುದು ರಾಜ್ಯಕ್ಕೆ.

ಇನ್ನು ಹುಡುಕಾಟದ ಮಾತು. ಊರಿಗೆ ಜೀಪು ಬಂದು ಬೋರು ಕೊರೆದು ಕಲ್ಲಿನ ಮಾದರಿ ತೆಗೆದುಕೊಂಡು ಹೋದರೆ ಗಣಿ ಶುರುವಾಯಿತೆಂದು ಜನ ಗಾಬರಿಯಾಗುತ್ತಾರೆ. ಅದು ಹುಡುಕಾಟವಷ್ಟೆ, ಗಣಿಯಲ್ಲ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳು ಹುಡುಕಲು ಶೋಧನಾ ಪರವಾನಗಿ ಪಡೆಯಬೇಕಿಲ್ಲ. ಹುಡುಕಾಟಕ್ಕೆ ನಾಲ್ಕು ಹಂತಗಳಿವೆ: ಜಿ4 ಎಂದರೆ ಮೇಲುನೋಟದ ಸ್ಥಳಾನ್ವೇಷಣೆ, ಜಿ3 ಪ್ರಾಥಮಿಕ, ಜಿ2 ಸಾಮಾನ್ಯ, ಜಿ1 ವಿವರವಾದ ಶೋಧ. ಒಂದೊಂದು ಹಂತ ಇಳಿದಂತೆ ಬೋರುಗಳು ಒತ್ತೊತ್ತಾಗುತ್ತವೆ, ಲೆಕ್ಕ ಗಟ್ಟಿಯಾಗುತ್ತದೆ. 14,100 ಟನ್ 1,600 ಆದದ್ದರಲ್ಲಿ ಮೋಸವಿಲ್ಲ. ಆರಂಭದ ಅಂದಾಜಿನ ಗುಣವೇ ಅಂಥದ್ದು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ನಿಕ್ಷೇಪವಿದೆ ಎಂದು 2023ರ ಫೆಬ್ರುವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಅದೂ ಜಿ3 ಹಂತದ ಲೆಕ್ಕ. ಎರಡು ಸಲ ಹರಾಜಿಗೆ ಕರೆದರೂ ಸಾಕಷ್ಟು ಬಿಡ್ಡುದಾರರು ಬರಲಿಲ್ಲ.

ಖಾಸಗಿಯವರಿಗಿರುವ ಪತ್ರಗಳು ಮುಖ್ಯವಾಗಿ ಮೂರು. ನಿಕ್ಷೇಪ ಖಚಿತವಾಗಿದ್ದಲ್ಲಿ ಗಣಿ ಗುತ್ತಿಗೆ. ಇನ್ನಷ್ಟು ಹುಡುಕಬೇಕಿದ್ದಲ್ಲಿ, ಮೊದಲು ಶೋಧಿಸಿ ಆಮೇಲೆ ಗುತ್ತಿಗೆ ಪಡೆಯುವ ಸಂಯುಕ್ತ ಪರವಾನಗಿ. ಮೂರನೆಯದು 2023ರಲ್ಲಿ ಬಂದ ಅನ್ವೇಷಣಾ ಪರವಾನಗಿ. ಚಿನ್ನ, ತಾಮ್ರ, ವಜ್ರ, ಲಿಥಿಯಂ ಮುಂತಾದ 29 ಖನಿಜಗಳಿಗೆ ಮಾತ್ರ ಇದು ಅನ್ವಯ. 1,000 ಚದರ ಕಿಲೋಮೀಟರಿನವರೆಗೂ ಸಿಗುತ್ತದೆ, ಮೂರು ವರ್ಷದ ಬಳಿಕ ಕಾಲುಭಾಗ ಮಾತ್ರ ಉಳಿಸಿಕೊಳ್ಳಬಹುದು. ಹುಡುಕಿದವನಿಗೆ ಅಗೆಯುವ ಹಕ್ಕು ತಾನಾಗಿ ಬರುವುದಿಲ್ಲ. ಅವನು ಕಂಡುಹಿಡಿದ ಜಾಗವನ್ನು ಸರ್ಕಾರ ಹರಾಜು ಹಾಕುತ್ತದೆ. ಗೆದ್ದವನು ಕಟ್ಟುವ ಹರಾಜು ಪ್ರೀಮಿಯಂನಲ್ಲಿ ಹುಡುಕಿದವನಿಗೊಂದು ಪಾಲು.

2015ಕ್ಕೆ ಮುಂಚೆ ಹೀಗಿರಲಿಲ್ಲ. ಮೊದಲು ಅರ್ಜಿ ಹಾಕಿದವನಿಗೆ ಆದ್ಯತೆ, ಉಳಿದದ್ದು ಸರ್ಕಾರದ ವಿವೇಚನೆ. ಆ ವಿವೇಚನೆ ಎಂಬುದೇ ಕಡತಗಳ ಹಿಂದೆ ಓಡಾಡುವವರಿಗೆ ದಾರಿಯಾಗಿತ್ತು. 2015ರ ತಿದ್ದುಪಡಿ ಹರಾಜನ್ನು ಕಡ್ಡಾಯ ಮಾಡಿ, ಗುತ್ತಿಗೆಯ ಅವಧಿಯನ್ನು 50 ವರ್ಷಕ್ಕೆ ನಿಗದಿಪಡಿಸಿತು. ಗುತ್ತಿಗೆದಾರ ಹರಾಜಿನ ಪ್ರೀಮಿಯಂ ಅಲ್ಲದೆ ರಾಜಧನವನ್ನೂ ಕಟ್ಟಬೇಕು. ಕಬ್ಬಿಣದ ಅದಿರಿಗೆ ಇದು ಸರಾಸರಿ ಮಾರಾಟ ಬೆಲೆಯ ಶೇ. 15. ಆ ರಾಜಧನದ ಶೇ. 10ನ್ನು, ಹರಾಜಿಗೆ ಮುಂಚಿನ ಹಳೆಯ ಗುತ್ತಿಗೆಗಳಾದರೆ ಶೇ. 30ನ್ನು, ಗಣಿಬಾಧಿತ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆಯಾಗಿ ಕಟ್ಟಬೇಕು.

ಹರಾಜು ಗೆದ್ದರೂ ಗುದ್ದಲಿ ಎತ್ತುವಂತಿಲ್ಲ. ಭಾರತೀಯ ಗಣಿ ಕಾರ್ಯಾಲಯ ಗಣಿ ಯೋಜನೆಯನ್ನು ಒಪ್ಪಬೇಕು, ಪರಿಸರ ಅನುಮತಿ ಬರಬೇಕು, ಅರಣ್ಯವಾದರೆ ಅದರ ಅನುಮತಿ ಪ್ರತ್ಯೇಕ. ಇವೆಲ್ಲದರ ನಡುವೆ ನನಗೆ ಅತಿ ಮುಖ್ಯವಾಗಿ ಕಾಣುವುದು ಗುತ್ತಿಗೆಯ ನಕ್ಷೆ ಮತ್ತು ಅದರ ಗಡಿಕಲ್ಲು. ಹಾಗೇಕೆಂದು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಪ್ರಕರಣ ಹೇಳುತ್ತದೆ.

ಅಲ್ಲಿ ಬಹುತೇಕ ಗಣಿಗಳಿಗೆ ಗುತ್ತಿಗೆ ಇತ್ತು. ಅಕ್ರಮ ನಡೆದದ್ದು ಗುತ್ತಿಗೆಯ ಗೆರೆ ದಾಟಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆ, ಇವೆರಡರ ಹಿನ್ನೆಲೆಯಲ್ಲಿ ಆ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗುತ್ತಿಗೆಗಳನ್ನು ಜಂಟಿ ತಂಡ ಅಳೆದಾಗ 166 ಗಣಿಗಳು ಮೂರು ವರ್ಗವಾದವು. ಅಕ್ರಮ ಇಲ್ಲದ ಅಥವಾ ತೀರ ಅಲ್ಪವಿದ್ದವು ‘ಎ’. ಗುತ್ತಿಗೆ ವಿಸ್ತೀರ್ಣದ ಶೇ. 10ರವರೆಗೆ ಹೊರಗೆ ಗುಂಡಿ ತೋಡಿದ್ದರೆ, ಇಲ್ಲವೆ ಶೇ. 15ರವರೆಗೆ ಹೊರಗೆ ಮಣ್ಣು ಸುರಿದಿದ್ದರೆ ‘ಬಿ’. ಅದನ್ನೂ ಮೀರಿದವು ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಇಷ್ಟು ದೊಡ್ಡ ಪ್ರಕರಣ ಕೊನೆಗೆ ಅಳತೆಯ ಸರಪಳಿಯ ಮೇಲೆ ನಿಂತಿತ್ತು. ಗಣಿ ಪಕ್ಕದ ಊರಿನವರು ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದ್ದು ಗುತ್ತಿಗೆಯ ಈ ನಕ್ಷೆಯನ್ನೇ.

ಹೊಲ ಹೋಗುತ್ತದೆಯೆ ಎಂಬ ಮೊದಲ ಪ್ರಶ್ನೆ ಉಳಿಯಿತು. ಪರವಾನಗಿ ಅಥವಾ ಗುತ್ತಿಗೆ ಬಂದ ಮಾತ್ರಕ್ಕೆ ಜಮೀನು ಗಣಿಯವನದಾಗುವುದಿಲ್ಲ. 1957ರ ಕಾಯ್ದೆಯ 24ಎ ಕಲಂ ಅವನಿಗೆ ಪ್ರವೇಶದ ಹಕ್ಕು ಕೊಡುತ್ತದೆ; ಜೊತೆಗೆ, ಸಾಗುವಳಿದಾರನಿಗಾದ ನಷ್ಟಕ್ಕೆ ಪರಿಹಾರ ಕೊಡುವ ಹೊಣೆಯನ್ನೂ ಹೊರಿಸುತ್ತದೆ. ಮೊತ್ತವನ್ನು ಗೊತ್ತು ಮಾಡುವುದು ಗಣಿ ಕಂಪನಿಯಲ್ಲ, ರಾಜ್ಯ ಸರ್ಕಾರದ ಅಧಿಕಾರಿ.

ದೊಡ್ಡ ಗಣಿಗಳ ಪರಿಸರ ಅನುಮತಿಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಕನಿಷ್ಠ 30 ದಿನ ಮುಂಚಿತವಾಗಿ ನೋಟಿಸು ಕೊಡಬೇಕು. ಜನರ ಮಾತು ನಡಾವಳಿಯಲ್ಲಿ ದಾಖಲಾಗಬೇಕು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜಗಳ ಹಾಗೂ ನಿರ್ಣಾಯಕ ಖನಿಜಗಳ ಗಣಿಗಳನ್ನು ಈ ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ದೇಶಕ್ಕೆ ಲಿಥಿಯಂ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಬಾವಿ ಬತ್ತುವುದು, ಧೂಳು ಬೆಳೆಗೆ ಕೂರುವುದು ಖನಿಜ ಯಾವುದಾದರೂ ಒಂದೇ. ಗಡಿಕಲ್ಲು ಎಲ್ಲಿತ್ತು, ಹಳ್ಳ ಯಾವ ಕಡೆ ಹರಿಯುತ್ತಿತ್ತು ಎಂದು ದೆಹಲಿಯ ತಜ್ಞರ ಸಮಿತಿಗೆ ಹೇಳಬಲ್ಲವರು ಆ ಊರಿನವರೇ. ಅವರ ಮಾತು ಕಡತ ಸೇರುವ ಆ ಒಂದು ಸಭೆಯನ್ನು ಈ ಖನಿಜಗಳಿಗೂ ಮತ್ತೆ ಕಡ್ಡಾಯ ಮಾಡಬೇಕು.